ಸಂತೆಯಲ್ಲಿ ಕೂಗಿದ ಕಾಯಿಲೆ

ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಜ್ವರಕ್ಕೆ, ಭೇದಿಗೆ ಎಷ್ಟೋ ಮಕ್ಕಳು ಸಾಯುತ್ತಿವೆ. ಹೀಗಿರುವಾಗ ಲಕ್ಷಕ್ಕೊಂದು ಮಗುವಿಗೆ ಬರುವ ಕಾಯಿಲೆಯ ಬೆನ್ನು ಹತ್ತುವುದು ಸರಿಯೇ?"

ಗುರುಗಳು ಹೇಳಿದರು:

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಹೋದ ಸಲ ಈ ಕತೆ ಹೇಳಿದಾಗ ಅವನು ಬೆಲ್ಲ ಮಾರುತ್ತಿದ್ದ. ಇರಲಿ, ಈ ಸಲ ಉಪ್ಪು. ಅವನ ಕಿರಿಮಗಳು ಉಂಡ ಮೇಲೆ ಮಂಕಾಗಿ ಬಿದ್ದುಕೊಳ್ಳುತ್ತಿದ್ದಳು. ಎಚ್ಚರವಾದಾಗ ಅವಳು ಕಲಿತಿದ್ದ ಮಾತುಗಳಲ್ಲಿ ಒಂದೆರಡು ಕಡಿಮೆಯಾಗಿರುತ್ತಿದ್ದವು. ಹೀಗೇ ಒಂದು ದಿನ 'ಅಪ್ಪ' ಎಂಬ ಮಾತೂ ಹೋಯಿತು.

ಪಂಡಿತ ನಾಡಿ ಹಿಡಿದ, ಗ್ರಂಥ ತಿರುವಿದ. "ಇಂಥ ರೋಗ ಗ್ರಂಥದಲ್ಲಿ ಇಲ್ಲ," ಎಂದ.

"ಗ್ರಂಥದಲ್ಲಿ ಇಲ್ಲದಿದ್ದರೇನು ಸ್ವಾಮಿ, ನನ್ನ ಮನೆಯಲ್ಲಿ ಇದೆಯಲ್ಲ!"

ಪಂಡಿತನಿಗೆ ಇವನು ಎದ್ದು ಹೋದರೆ ಸಾಕಾಗಿತ್ತು. "ಒಂದು ಮಗುವನ್ನು ನೋಡಿ ನಾನೇನು ಕಲಿಯಲಿ? ಇಂಥವೇ ಒಂದು ಹಿಂಡು ಕರೆದುಕೊಂಡು ಬಾ, ಆಮೇಲೆ ನೋಡೋಣ."

ಸಾಗಹಾಕಲು ಆಡಿದ ಮಾತು ಅದು. ವ್ಯಾಪಾರಿ ಅದನ್ನು ಕೊಟ್ಟ ಮಾತೆಂದೇ ಹಿಡಿದುಕೊಂಡ.

ಆ ಸೀಮೆಯಲ್ಲಿ ಇಂಥ ಮಗುವನ್ನು ಒಳಕೋಣೆಯಲ್ಲಿ ಬಚ್ಚಿಡುವುದು ಪದ್ಧತಿ. ಹೊರಗೆ ಗೊತ್ತಾದರೆ ಆ ಮನೆಯಿಂದ ಹೆಣ್ಣು ತರುವವರಿಲ್ಲ. ವ್ಯಾಪಾರಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋದ. ಉಪ್ಪು ಕೂಗುವ ಗಂಟಲಿನಲ್ಲೇ ಕಾಯಿಲೆ ಕೂಗಿದ: "ಉಂಡ ಮೇಲೆ ಮಂಕಾಗುವ ಮಗು, ಮಾತು ಮರೆಯುವ ಮಗು ಯಾರ ಮನೆಯಲ್ಲಿದೆ? ಇಲ್ಲೊಂದಿದೆ, ನೋಡಬನ್ನಿ!"

ಅವನ ಹಿರಿಮಗಳಿಗೆ ಗೊತ್ತುಮಾಡಿದ್ದ ಗಂಡಿನ ಕಡೆಯವರು ಓಡಿ ಬಂದರು. "ಬಾಯಿ ಮುಚ್ಚಯ್ಯ! ಇಲ್ಲದಿದ್ದರೆ ಸಂಬಂಧ ಇವತ್ತಿಗೇ ಮುರಿಯಿತು ಅಂತ ತಿಳಿ."

"ಮುರಿಯಲಿ ಬಿಡಿ. ಅವಳಿಗೆ ಇನ್ನೊಂದು ಗಂಡು ಸಿಕ್ಕಾನು. ಇವಳಿಗೆ ಇನ್ನೊಬ್ಬ ಅಪ್ಪನನ್ನು ನೀವು ಹುಡುಕಿಕೊಡುತ್ತೀರಾ?" ಎಂದವನೇ ಮೊದಲಿಗಿಂತ ಗಟ್ಟಿಯಾಗಿ ಕೂಗಿದ.

ಸಂಬಂಧ ಮುರಿಯಿತು. ಅವನು ಮುಂದಿನ ಊರಿನ ಸಂತೆಯಲ್ಲೂ ಕೂಗಿದ, ಅದರ ಮುಂದಿನದರಲ್ಲೂ ಕೂಗಿದ. ಜನ ನಕ್ಕರು. ಆದರೆ ಉಪ್ಪು ಕೊಳ್ಳುವ ನೆಪದಲ್ಲಿ ಬಂದ ಹೆಂಗಸರು ಬಗ್ಗಿ ಪಿಸುಗುಟ್ಟತೊಡಗಿದರು: "ಅಣ್ಣಾ, ನಮ್ಮಲ್ಲೂ ಒಂದಿದೆ."

ಬೇಸಿಗೆ ಮುಗಿಯುವಷ್ಟರಲ್ಲಿ ಪಂಡಿತನ ಜಗಲಿ ತುಂಬಿತು. ಪಂಡಿತ ಬೆವರಿದ. ಆದರೆ ಮನುಷ್ಯ ಕೆಟ್ಟವನಲ್ಲ. ಗ್ರಂಥ ಕಟ್ಟಿಟ್ಟು ಹೊರಗೆ ಬಂದ. "ಕೆಲವು ಮಕ್ಕಳು ಹಾಲು ಬಿಡಲಿ, ಕೆಲವು ಬೇಳೆ ಬಿಡಲಿ, ಉಳಿದವು ಎಂದಿನಂತೆ ಎಲ್ಲವನ್ನೂ ಉಣ್ಣಲಿ. ಹೋಲಿಸಿ ನೋಡದೆ ಏನೂ ತಿಳಿಯುವುದಿಲ್ಲ. ಯಾವ ಮಗುವಿಗೆ ಯಾವುದೆಂದು ನಾನೂ ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ. ಒಪ್ಪದವರು ಈಗಲೇ ಎದ್ದು ಹೋಗಬಹುದು."

ಯಾರೂ ಏಳಲಿಲ್ಲ. ಹುಣಿಸೆ ಬೀಜಗಳಿಗೆ ಗುಂಪಿಗೊಂದು ಬಣ್ಣ ಹಚ್ಚಿ ಮಡಕೆಗೆ ಹಾಕಿ ಮಕ್ಕಳ ಕೈಯಿಂದಲೇ ಎತ್ತಿಸಿದರು. ವ್ಯಾಪಾರಿಯ ಮಗಳಿಗೆ ಎಂದಿನಂತೆ ಉಣ್ಣುವವರ ಬೀಜ ಬಂತು. ಏನೂ ಬದಲಾಗದ ಗುಂಪು. ಅದನ್ನು ಮತ್ತೆ ಮಡಕೆಗೆ ಹಾಕಲು ಅವನ ಕೈ ಮುಂದೆ ಹೋಯಿತು. ಸುತ್ತ ಕೂತಿದ್ದ ತಾಯಂದಿರನ್ನು ನೋಡಿದ. ಎಲ್ಲರೂ ತಾನು ಕೂಗಿ ಕರೆದವರು. ಕೈ ಹಿಂದೆ ಬಂತು.

ಮಳೆಗಾಲ ಕಳೆಯಿತು. ಬೇಳೆ ಬಿಟ್ಟ ಮಕ್ಕಳು ಮಂಕಾಗುವುದು ನಿಂತಿತು. ಯಾರದೋ ಮಗು ಕಳೆದುಕೊಂಡಿದ್ದ ಮಾತನ್ನು ಮತ್ತೆ ಆಡಿತು. ಪಂಡಿತ ಅಂದೇ ಎಲ್ಲ ಮಕ್ಕಳಿಗೂ ಬೇಳೆ ಬಿಡಿಸಿದ. ಅಷ್ಟರಲ್ಲಿ ವ್ಯಾಪಾರಿಯ ಮಗಳಿಗೆ ಒಂದು ಮಾತೂ ಉಳಿದಿರಲಿಲ್ಲ. ಅವನು ಅವಳಿಗೆ ಬರೀ ಗಂಜಿ ಕುಡಿಸಿ, ಎದುರಿಗೆ ಕೂತು, ಅವಳ ಬಾಯನ್ನೇ ನೋಡುತ್ತ ಕಾದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿ, ಕಾಲು ಚಾಚಿ ಗೋಡೆಗೆ ಒರಗಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ? ಆ ಹುಡುಗಿ ಮಾತಾಡಿದಳೇ, ಗುರುಗಳೇ?"

ಗುರುಗಳು ಹೇಳಿದರು: "ಲಕ್ಷ ಮಕ್ಕಳಿದ್ದ ಸೀಮೆಯ ಕತೆ ಹೇಳಿದೆನಪ್ಪ, ನಿನಗೆ ಬೇಕಾದದ್ದು ಒಂದೇ ಮಗುವಿನ ಸುದ್ದಿ!"