ಕೆಂಪು ಅಂಟು, ನೀಲಿ ಅಂಟು

ಕಾರಿನ ಬ್ರೇಕು ಹಿಡಿದಿಡುವ ಬೋಲ್ಟು ನಾನು. ಮೊದಲ ಸಲ ನನ್ನ ತೂತಿನ ಮನೆ ಬಿಟ್ಟು ಹೊರಟದ್ದು ಆಯುಧಪೂಜೆಯ ದಿನ. ದಾರಿಯ ಕುಲುಕಾಟಕ್ಕೆ ಸಡಿಲಾಗಿ ಇನ್ನೇನು ಬೀಳಬೇಕು, ಮೇಸ್ತ್ರಿ ಮೌಲಾಲಿ ಹಿಡಿದುಬಿಟ್ಟ.

“ಅಲೆಮಾರಿ ನನ್ಮಗನೇ, ಜನರನ್ನ ಕೊಲ್ತಿದ್ದೆಯಲ್ಲೋ! ನಿನ್ನ ತಿರುಪಿಗೆ ಅಂಟು ಹಚ್ಚಲೇಬೇಕು,” ಎಂದ.

ಕೆಂಪು ಅಂಟು ಮುಂದೆ ಬಂದಳು. “ಇವರನ್ನ ನನಗೆ ಕೊಡಿ ಮೇಸ್ತ್ರಿ. ನಾನು ಕುಂಕುಮದ ಬಣ್ಣದವಳು, ಕಟ್ಟಿಕೊಂಡರೆ ಜನ್ಮಕ್ಕೂ ಬಿಡೋಳಲ್ಲ. ಬೆಂಕಿಯಲ್ಲಿ ಕಾಯಿಸಿದರಷ್ಟೇ ಬಿಡೋದು.”

ನಾನು ಮೌಲಾಲಿಯ ಬೆರಳಿನಿಂದ ಜಾರಿಕೊಳ್ಳಲು ನೋಡಿದೆ.

ನೀಲಿ ಅಂಟು ನಕ್ಕಳು. “ಬ್ರೇಕಿನ ಪ್ಯಾಡು ಸವೆದಾಗ ಇವರನ್ನ ಬಿಚ್ಚಬೇಕಲ್ಲ, ಅಕ್ಕಾ? ದಾರಿಯಲ್ಲಿ ನಾನೂ ಬಿಡೋಳಲ್ಲ. ಸ್ಪ್ಯಾನರ್ ಮಾವ ಬಂದು ಕರೆದರೆ ಮಾತ್ರ ಕಳಿಸಿಕೊಡ್ತೀನಿ.”

ಮೌಲಾಲಿ ನೀಲಿಯನ್ನೇ ಹಚ್ಚಿದ. ಆಮೇಲೆ ಎಂಥ ಗುಂಡಿ ಬಂದರೂ ನಾನು ಅಲುಗಲಿಲ್ಲ. ಇವತ್ತು ಪ್ಯಾಡು ಸವೆದು ಮಾವ ಬಾಗಿಲಿಗೆ ಬಂದಿದ್ದಾನೆ. ನೀಲಿ ತಾನೇ ನನ್ನ ಗಂಟುಮೂಟೆ ಕಟ್ಟಿ, “ಹೋಗಿ ಬನ್ನಿ,” ಅಂತಿದ್ದಾಳೆ.