ಹಾಲಪ್ಪ ಉತ್ತ ಬೀಳು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಹೊನ್ನಮ್ಮನವರು. ಅವರು ಹೇಳಿದಷ್ಟನ್ನೇ ಬರೆಯುತ್ತೇನೆ.

ಹಳ್ಳದ ದಂಡೆಯಲ್ಲಿ ಒಂದು ಆಶ್ರಮ. ಗುರುಗಳು ನಿರ್ವಾಣಯ್ಯನವರು. ಹಸಿದು ಬಂದವರಿಗೆ ಮುದ್ದೆ ಬಡಿಸುವ ಹೊಣೆ ಶಿಷ್ಯ ಹಾಲಪ್ಪನದು.

ವರ್ಷದಿಂದ ವರ್ಷಕ್ಕೆ ಮಳೆ ಹಿಂದೆ ಸರಿಯಿತು. ಆಶ್ರಮದ ಹೊಲ ಇದ್ದಷ್ಟೇ ಇತ್ತು, ರಾಗಿ ಅರ್ಧಕ್ಕೆ ಇಳಿಯಿತು. ಉಣ್ಣುವವರು ಹೆಚ್ಚಿದರು.

“ಗುರುಗಳೇ, ಗುಡ್ಡದ ಕೆಳಗಿನ ಬೀಳು ಉಳುತ್ತೇನೆ. ಹೊಲ ದೊಡ್ಡದಾದರೆ ಮುದ್ದೆಯೂ ದೊಡ್ಡದಾಗುತ್ತದೆ.”

“ಅಲ್ಲಿ ಈಗ ಏನಿದೆ?”

“ಕಳೆ, ಕಲ್ಲು. ಯಾರೂ ಉಳದೆ ಬಿಟ್ಟ ನೆಲದಲ್ಲಿ ಇನ್ನೇನಿರುತ್ತದೆ?”

ಗುರುಗಳು ಸುಮ್ಮನಾದರು. ಆ ಮೌನವನ್ನು ಹಾಲಪ್ಪ ಅಪ್ಪಣೆ ಎಂದುಕೊಂಡ.

ಇದ್ದದ್ದನ್ನೆಲ್ಲ ಬೇರುಸಹಿತ ಕಿತ್ತ. ಉತ್ತ, ಬಿತ್ತಿದ. ಪೈರು ಗೇಣುದ್ದ ಬಂತು. ಆಮೇಲೆ ಮಳೆ ಬರಲಿಲ್ಲ. ಪೈರು ಒಣಗಿತು, ಸಡಿಲಾಗಿದ್ದ ಮೇಲ್ಮಣ್ಣು ಗಾಳಿಗೆ ಎದ್ದು ಹೋಯಿತು.

ಒಂದು ಮಧ್ಯಾಹ್ನ ಊಟದ ಸಾಲಿನ ಕೊನೆಗೆ ಸಣ್ಣನಿಂಗಮ್ಮ ಬಂದು ಕೂತಳು. ಗಂಡನಿಲ್ಲದ, ನೆಲವಿಲ್ಲದ ಹೆಂಗಸು. ಎಂಥ ಬರದಲ್ಲೂ ಆಶ್ರಮದಲ್ಲಿ ಕೈಯೊಡ್ಡಿದವಳಲ್ಲ. ಪಕ್ಕದಲ್ಲಿ ಇಬ್ಬರು ಮೊಮ್ಮಕ್ಕಳು.

“ಬರ ನಿನ್ನನ್ನೂ ಕರಕೊಂಡು ಬಂತಲ್ಲವ್ವಾ,” ಎಂದ ಹಾಲಪ್ಪ.

“ಬರ ಅಲ್ಲ ಕಣಪ್ಪಾ. ಬರಾನ ನಾನು ಬೇಕಾದಷ್ಟು ನೋಡಿವ್ನಿ. ಮಳೆ ಹೋದ್ರೂ ಆ ಬೀಳಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಸಿಗೋದು. ಮಡ್ಲು ತುಂಬ ತಂದು ಬೇಯಿಸ್ತಿದ್ದೆ. ನನ್ನ ಇಲ್ಲಿಗೆ ಕರಕೊಂಡು ಬಂದಿದ್ದು ನಿನ್ನ ನೇಗಿಲು. ಹಾಕು, ಅದೇನು ಬೆಳೆದಿದ್ದೀಯೋ ಹಾಕು.”

ಹಾಲಪ್ಪ ಪಾತ್ರೆಯೊಳಗೆ ನೋಡಿದ. ಉಳಿದದ್ದು ಎರಡೇ ಮುದ್ದೆ. ಗುರುಗಳದೊಂದು, ತನ್ನದೊಂದು. ಅವನ ಕೈ ಏಳಲಿಲ್ಲ.

ಗುರುಗಳೇ ಎದ್ದು ಬಂದರು. ಎರಡನ್ನೂ ಅವರ ಮುಂದೆ ಬಡಿಸಿದರು. ಮಕ್ಕಳು ಬಿಸಿ ಆರುವುದನ್ನೂ ಕಾಯದೆ ಉಂಡರು.

ಅಜ್ಜಿ, ಮೊಮ್ಮಕ್ಕಳು ಉಂಡು ಕೈತೊಳೆಯಲು ಎದ್ದಾಗ ಹಾಲಪ್ಪ ಕೇಳಿದ:

“ನೀವು ಅವತ್ತೇ ಬೇಡ ಅನ್ನಬಹುದಿತ್ತಲ್ಲ, ಗುರುಗಳೇ?”

“ನನಗೂ ಗೊತ್ತಿರಲಿಲ್ಲ ಹಾಲಪ್ಪಾ. ಇಷ್ಟು ವರ್ಷ ಇಲ್ಲೇ ಇದ್ದೂ ಆ ನೆಲವನ್ನು ಒಮ್ಮೆಯೂ ಬಗ್ಗಿ ನೋಡಿದವನಲ್ಲ.”

“ಈಗ ಅಲ್ಲಿ ಏನು ಬಿತ್ತಲಿ?”

“ಏನೂ ಬೇಡ. ಆ ನೆಲ ನಮ್ಮ ನೇಗಿಲನ್ನು ಮರೆತು ಮತ್ತೆ ಸೊಪ್ಪು ಕೊಡುವವರೆಗೆ, ಈ ತಾಯಿಗೆ ತುತ್ತು ನಮ್ಮಿಬ್ಬರ ತಟ್ಟೆಯಿಂದ ಹೋಗಲಿ.”

ಇದನ್ನು ಓದಿದ ನೀವು, ಬೀಳು ಒಡೆಯಲು ಹೊರಟವರು ಯಾರಾದರೂ ಸಿಕ್ಕರೆ, ಅವರನ್ನು ಕೂರಿಸಿಕೊಂಡು ಇದನ್ನೊಮ್ಮೆ ಹೇಳಿ.