ಬುಗುಡಿ ಬೆಸೆದ ಉಸಿರು

ಕಾಲು ಒಳಗೆ ತಗೊಳ್ಳೇ ಮಗಾ, ಕಂಬಳಿ ಒದೀಬೇಡ. ಹಾಂ, ಹಂಗೆ. ತಲೆ ನನ್ನ ತೊಡೆ ಮೇಲಿಡು. ನಿದ್ದೆ ಬರ್ತಿಲ್ಲ, ತಲೇಲಿ ಏನೇನೋ ಓಡ್ತಾ ಇದೆ ಅಂದ್ಯಲ್ಲ, ಅದಕ್ಕೆ ಸರಿಯಾದ ಕತೆ ಇದೆ ನನ್ನ ಹತ್ರ. ನೀನು ಹೂಂ ಅಂತಿರು, ಸಾಕು.

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಒಂದಾನೊಂದು ಕಾಲದಲ್ಲಿ, ಕಲ್ಲುಗುಡ್ಡದ ಪಾಳ್ಯ ಅಂತ ಒಂದೂರು, ಆ ಊರಲ್ಲಿ ಕಾಳಾಚಾರಿ ಅಂತ ಒಬ್ಬ ಅಕ್ಕಸಾಲಿ ಇದ್ದನಂತೆ. ಅವನಿಗೆ ಮೂರು ಜನ ಮಕ್ಕಳು. ದೊಡ್ಡೋನು ವೀರಾಚಾರಿ, ನಡುವಿನೋನು ಬ್ರಹ್ಮಯ್ಯ, ಕೊನೇದು ಹೆಣ್ಣು, ದೇವೀರಿ. ಜೊತೆಗೆ ಕಾಳಾಚಾರಿಯ ಅಕ್ಕ ಹೊನ್ನತ್ತೆ ಅಂತ ಒಬ್ಬಳು ಮುದುಕಿ. ಅವಳು ಬೆಳಗ್ಗೆ ಕೆಲಸ ಮುಗಿಸಿ ಜಗಲಿ ಮೇಲೆ ಕೂತರೆ ಕೂತಳು. ಏನತ್ತೆ ಮಾಡ್ತಿದೀಯ ಅಂದ್ರೆ ಕೂತಿದೀನಿ ಅನ್ನೋಳಂತೆ. ಓಹೋ, ಭಾರಿ ಕೆಲಸ ಅಂತ ಊರೋರೆಲ್ಲ ನಗೋರಂತೆ.

ಅಕ್ಕಸಾಲಿ ಬಾಳೆಲ್ಲ ಊದುಗೊಳವೇಲಿ ಇರೋದು ಮಗಾ. ಬಾಯಿಗೆ ಕೊಳವೆ ಇಟ್ಟು ದೀಪದ ಉರಿಯನ್ನ ಸೂಜಿಮೊನೆ ಹಂಗೆ ಮಾಡಿ ಊದಬೇಕು, ಊದ್ತಾ ಊದ್ತಾನೇ ಮೂಗಲ್ಲಿ ಗಾಳಿ ಎಳ್ಕೋಬೇಕು, ಎಲ್ಲೂ ಕಡೀಬಾರದು. ಉಸಿರು ತತ್ತರಿಸಿದರೆ ಉರಿ ತತ್ತರಿಸುತ್ತೆ, ಉರಿ ತತ್ತರಿಸಿದರೆ ಚಿನ್ನ ಬೆಣ್ಣೆ ಹಂಗೆ ಕರಗಿ ಹರಿದುಹೋಗುತ್ತೆ. ಕಾಳಾಚಾರಿಗೆ ಆ ವರ್ಷ ಕೆಮ್ಮು ಹತ್ತಿ ಊದೋದಕ್ಕೇ ಆಗ್ತಿರಲಿಲ್ಲವಂತೆ.

ಅಂಥಾ ಹೊತ್ತಲ್ಲೇ ಅರಮನೆಯಿಂದ ದೊಡ್ಡ ದೊರೆಸಾನಿ ಹೇಳಿಕಳಿಸಿದಳಂತೆ. ಅವಳ ಸತ್ತ ತಾಯಿಯ ಕಿವಿಯ ಬುಗುಡಿ, ಅದರಿಂದ ಸಾಸಿವೆಯಷ್ಟು ಚಿನ್ನದ ಮೂರು ಕಾಳು ಬಿದ್ದುಹೋಗಿವೆ, ಬೆಸೆದುಕೊಡಬೇಕು, ಬುಗುಡಿ ಮಾತ್ರ ನನ್ನ ಕಣ್ಣೆದುರಿಂದ ಆಚೆ ಹೋಗಕೂಡದು, ಇಲ್ಲೇ ಬಂದು ಕೂತು ಮಾಡಿ ಅಂತ. ಬರೋ ಸೋಮವಾರ ಗಡುವು. ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತಂತೆ, ಅರಮನೆ ಒಡವೆ ಕೆಡಿಸಿದ ಅಕ್ಕಸಾಲಿ, ಇಲ್ಲಾ ಆಗಲ್ಲ ಅಂದ ಅಕ್ಕಸಾಲಿ, ಮನೆ ಊದುಗೊಳವೇನ ಅರಮನೆ ಬಾಗಿಲಲ್ಲಿಟ್ಟು ಕಸುಬು ಬಿಡಬೇಕು. ಕಾಳಾಚಾರಿ ಮನೆ ಕೊಳವೆ ಏಳು ತಲೆಮಾರಿಂದು.

ಆಮೇಲೆ ಕಾಳಾಚಾರಿ ಏನ್ಮಾಡಿದ, ಒಂದು ತುಂಡು ಬೆಳ್ಳಿ ತಂತಿ ಕೊಟ್ಟು, ಮಕ್ಕಳೇ, ಮೊದಲು ಇದರ ಮೇಲೆ ಕಾಳು ಬೆಸೆದು ತೋರಿಸಿ, ಆಮೇಲೆ ಅರಮನೆ ಅಂದನಂತೆ.

ವೀರಾಚಾರಿ ಕೂತ. ಕೊಳವೆ ಬಾಯಲ್ಲಿದೆ, ಮನಸ್ಸು ಆಗಲೇ ಅರಮನೇಲಿ ಜರಿ ಪೇಟ ಸುತ್ಕೊಂಡು ಓಡಾಡ್ತಿದೆ. ಬೇಗ ಮುಗಿಸೋಣ ಅಂತ ಭುಸ್ಸಂತ ಊದಿದ, ಬೆಳ್ಳಿ ಕರಗಿ ಮುದ್ದೆ ಆಯ್ತಂತೆ.

ಬ್ರಹ್ಮಯ್ಯ ಬಂದ. ಅಣ್ಣಾ, ನಿನ್ನ ಹಂಗೆ ಸಂತೆಯಂಥಾ ಗದ್ದಲದಲ್ಲಿ ಕೂತು ಮಾಡಲ್ಲ, ನನಗೆ ಸದ್ದಿರಬಾರದು ಅಂದ. ಒನಕೆ ನಿಲ್ಲಿಸಿದ, ಹುಂಜಾನ ಪಕ್ಕದೂರಿಗೆ ಕಳಿಸಿದ, ಅಪ್ಪನಿಗೆ ಕೆಮ್ಮಬೇಡ ಅಂದ! ಮನೆಯೆಲ್ಲ ಗಪ್‌ಚಿಪ್. ಆಗ ಅವನ ಹೊಟ್ಟೆಯೇ ಗುರ್ ಅಂತಂತೆ. ಛೆ ಅಂದ. ಎದೆ ಡವಡವ ಕೇಳಿಸ್ತು, ಛೆ ಅಂದ. ಯೋಚನೇನೇ ಬರಕೂಡದು ಅಂತ ಉಸಿರು ಬಿಗಿಹಿಡಿದ, ಕಣ್ಣು ಕತ್ತಲೆ ಬಂದು ಕೊಳವೆ ಸಮೇತ ಹಿಂದಕ್ಕೆ ಬಿದ್ದನಂತೆ.

ಕಾಳಾಚಾರಿ ಅರಮನೆ ಬಾಗಿಲಲ್ಲಿಟ್ಟು ಬರೋಣ ಅಂತ ಕೊಳವೇನ ಬಟ್ಟೇಲಿ ಸುತ್ತೋಕೆ ಹೊರಟ. ದೇವೀರಿ ತಡೆದು, ಅಪ್ಪಾ, ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ, ನಾನು ಕಲೀತೀನಿ ಅಂದಳು. ಅಣ್ಣಂದಿರು, ಯಾರ ಹತ್ರ ಕಲೀತೀಯೇ ಅಂತ ನಕ್ಕರು. ಹೊನ್ನತ್ತೆ ಹತ್ರ ಅಂದಳಂತೆ. ಆ ಮನೇಲಿ ಬೆಂಕಿ ಬಿದ್ದರೂ ತತ್ತರಿಸದೆ ಇರೋಳು ಅವಳೊಬ್ಬಳೇ ಅಲ್ವಾ.

ಮೊದಲನೇ ದಿನ ಹೊನ್ನತ್ತೆ, ಸಿಂಬಿ ಮೇಲಿನ ಕೊಡದ ಹಂಗೆ ನೆಟ್ಟಗೆ ಕೂರೇ, ಮೈ ಬಿಗೀಬೇಡ, ಕಣ್ಣು ಮುಚ್ಚು ಅಂದಳು. ಉಸಿರು ಒಳಗೆ ಹೋಗಿ ಹೊರಗೆ ಬಂತಾ, ಒಂದು ಅನ್ನು. ಮತ್ತೆ ಹೋಗಿ ಬಂತಾ, ಎರಡು. ಹತ್ತಾದ ಮೇಲೆ ಮತ್ತೆ ಒಂದರಿಂದ. ದೇವೀರಿ ನಾಲ್ಕಕ್ಕೆ ಬರೋ ಹೊತ್ತಿಗೆ ಲೆಕ್ಕ ತಪ್ಪಿ ಹೋಳಿಗೆ ನೆನೀತಿದ್ದಳಂತೆ. ಅಯ್ಯೋ, ತಪ್ಪಿಹೋಯ್ತತ್ತೆ ಅಂದಳು. ತಪ್ಪಿತು ಅಂತ ಗೊತ್ತಾಯ್ತಲ್ಲ, ಅದೇ ಕೆಲಸ ಕಣೇ, ನಿನ್ನನ್ನ ನೀನು ಬೈಕೋಬೇಡ, ಒಂದು ಅನ್ನು ಅಂದಳಂತೆ ಹೊನ್ನತ್ತೆ.

ಎರಡನೇ ದಿನ, ಈವತ್ತು ಕಿವಿ ಬಿಟ್ಟು ಕೂರು, ಬಂದ ಸದ್ದೆಲ್ಲ ಬರಲಿ ಅಂದಳು. ಗಾಡಿ ಹೋಯ್ತು, ಕೇಳಿದಳು. ಅಪ್ಪ ಕೆಮ್ಮಿದ, ಕೇಳಿದಳು. ಯಾವ ಸದ್ದಿನ ಹಿಂದೇನೂ ಓಡಲಿಲ್ಲ, ಯಾವುದನ್ನೂ ಆಚೆ ಅಟ್ಟಲಿಲ್ಲ, ಬಂದಿದ್ದು ತಾನೇ ಹೋಯ್ತಂತೆ.

ಮೂರನೇ ದಿನ ದೇವೀರಿ ಅಳ್ತಾ ಬಂದಳಂತೆ. ಅತ್ತೆ, ಬುಗುಡಿ ಕರಗಿದ್ರೆ ಅನ್ನೋ ಯೋಚನೆ ಬಿಡ್ತಾನೇ ಇಲ್ಲ. ಹೊನ್ನತ್ತೆ ಅಂದಳು, ಬರಲಿ ಬಿಡು, ಬಾಗಿಲಿಗೆ ಎಷ್ಟೋ ಜನ ಬರ್ತಾರೆ. ಬಂದೆಯಾ ಅನ್ನು, ಮಣೆ ಮಾತ್ರ ಹಾಕಬೇಡ. ಕೂರೋಕೆ ಮಣೆ ಇಲ್ಲದೋರು ಎಷ್ಟು ಹೊತ್ತು ನಿಂತಾರು?

ಮೂರೂ ದಿನ, ದಿನಾ ಕೂತು ಎದ್ದ ಮೇಲೆ, ಪರಂಗಿ ಎಲೆ ದಂಟನ್ನ ಚೊಂಬಿನ ನೀರಲ್ಲಿಟ್ಟು ಊದಿಸಿದಳಂತೆ. ಮೊದಲ ದಿನ ಗುಳ್ಳೆ ಬುಳುಕ್ ಬುಳುಕ್ ಅಂತ ಕಡಿದು ಕಡಿದು ಬಂದ್ವು. ಮೂರನೇ ದಿನ ಪೋಣಿಸಿದ ಮುತ್ತಿನ ಹಂಗೆ ಒಂದರ ಹಿಂದೊಂದು.

ಸೋಮವಾರ ಬಂತು. ಅರಮನೆ ತೊಟ್ಟಿ ಅಂಗಳದಲ್ಲಿ ಕುಲುಮೆ, ದೀಪ. ಪಂಜರದ ಗಿಣಿ ಕಿರಚ್ತಾ ಇದೆ, ಊಳಿಗದೋರು, ಅಯ್ಯಯ್ಯೋ ಹುಡುಗಿ ಕೈಲಿ ಆಗ್ತದೇನೇ ಅಂತಿದಾರೆ. ದೇವೀರಿ ಕೇಳಿದಳು, ಬಿಟ್ಟಳು. ಮೊದಲ ಕಾಳು ಕೂತಿತು. ಕರಗಿದ್ರೆ ಅನ್ನೋ ಯೋಚನೆ ಬಂತು, ಬಂದೆಯಾ ಅಂದಳು, ಎರಡನೇದೂ ಕೂತಿತು. ಮೂರನೇದಕ್ಕೆ ಉರಿ ಹಿಡಿದಾಗ ದೊರೆಸಾನಿಯೇ ಅತ್ತುಬಿಟ್ಟಳಂತೆ. ಹುಷಾರು ಕಣೇ, ನಮ್ಮವ್ವನದು ಅಂತ ಉಳಿದಿರೋದು ಅದೊಂದೇ.

ದೇವೀರಿಯ ಉಸಿರು ನಡುಗ್ತು. ಉರಿ ನಡುಗ್ತು. ಬುಗುಡಿ ಅಂಚು ಕೆಂಪಾಗ್ತಾ ಬಂತು.

ಅವಳು ಬಾಯಿಂದ ಕೊಳವೆ ತೆಗೆದು ಕೆಳಗಿಟ್ಟಳಂತೆ.

ಕೆಟ್ಟಿತು ಕೆಲಸ ಅಂತ ಎಲ್ಲರೂ ಅಯ್ಯೋ ಅಂದರು. ಜೊತೆಗೆ ಬಂದಿದ್ದ ವೀರಾಚಾರಿ, ಸೋತ್ಯೇನೇ ಅಂದ. ಇಲ್ಲಣ್ಣ, ಲೆಕ್ಕ ತಪ್ಪಿತು, ಒಂದರಿಂದ ಶುರು ಮಾಡ್ತಿದೀನಿ ಅಂದಳು. ಕಣ್ಣು ಮುಚ್ಚಿ, ಅಷ್ಟು ಜನದ ನಡುವೆ, ಅವಸರವೇ ಇಲ್ಲದೋಳ ಹಂಗೆ ಒಂದು, ಎರಡು, ಮೂರು ಅಂತ ಹತ್ತು ಉಸಿರು ಎಣಿಸಿದಳಂತೆ. ಆಮೇಲೆ ಕೊಳವೆ ಎತ್ತಿ ಊದಿದಳು ನೋಡು, ಉರಿ ಕೂದಲೆಳೆ ಹಂಗೆ ನಿಂತಿತು, ಕಾಳು ಒಂದು ಸಲ ಮಿಣುಕಿ ಬುಗುಡಿಗೆ ಅಂಟಿತಂತೆ. ದೊರೆಸಾನಿ ಅದನ್ನ ಕಿವಿಗಿಟ್ಟು ತಲೆ ಅಲ್ಲಾಡಿಸಿದಳು. ಬೀಳಲಿಲ್ಲ.

ಆಮೇಲೇನು, ಅರಮನೆ ಕೆಲಸವೆಲ್ಲ ದೇವೀರಿಗೇ ಬಂತಂತೆ, ಏಳು ತಲೆಮಾರಿನ ಕೊಳವೆ ಎಂಟನೇದಕ್ಕೆ ಅವಳ ಕೈಗೇ ಬಂತು. ವೀರಾಚಾರಿ ದಪ್ಪದಪ್ಪ ಬೆಳ್ಳಿ ಡಾಬು ಮಾಡ್ಕೊಂಡು ಸುಖವಾಗಿದ್ದ, ತಂಗಿಯೇ ಒಂದು ಜರಿ ಪೇಟ ಕೊಡಿಸಿದಳಂತೆ. ಸದ್ದು ಕಂಡ್ರೆ ಆಗದ ಬ್ರಹ್ಮಯ್ಯನಿಗೆ ಏಳು ಮಕ್ಕಳಾದ್ವು, ಏಳೂ ಕಿರುಚೋವು, ಆ ಗಲಾಟೇಲೇ ಕೂತು ಕೆಲಸ ಕಲಿತನಂತೆ. ಕಾಳಾಚಾರಿ ಬೇಕಾದಾಗೆಲ್ಲ ಧಾರಾಳವಾಗಿ ಕೆಮ್ಮಿಕೊಂಡು, ಅಕ್ಕನ ಪಕ್ಕ ಒಂದು ಚಾಪೆ ಹಾಸ್ಕೊಂಡನಂತೆ.

ಕತೆ ಮುಗೀತು ಮಗಾ, ಹೂಂ ಅನ್ನೋದೂ ನಿಂತುಹೋಯ್ತು ನಿಂದು. ಹೊನ್ನತ್ತೆ ಏನಾದಳು ಅಂತ ಕೇಳಲೇ ಇಲ್ಲವಲ್ಲೇ. ಏನಾಗ್ತಾಳೆ, ಜಗಲಿ ಮೇಲೇ ಇದ್ದಳಂತೆ. ಏನತ್ತೆ ಮಾಡ್ತಿದೀಯ ಅಂದ್ರೆ ಕೂತಿದೀನಿ ಅನ್ನೋಳಂತೆ. ಈಗ ಯಾರೂ ನಗ್ತಿರಲಿಲ್ಲ, ಅತ್ತೆ, ಚೂರು ಆ ಕಡೆ ಸರೀರಿ ಅನ್ನೋರಂತೆ.